ಎಡಗೆನ್ನೆಯ ಪೆಪ್ಪರ್‌ಮಿಂಟ್

ಸುಟ್ಟ ವಾರ್ನಿಷ್ಷಿನ ವಾಸನೆ ಒಂದು ಸಲ ಮೂಗಿಗೆ ಹತ್ತಿದರೆ ಊಟಕ್ಕೆ ಕೂತಾಗಲೂ ಬಿಡುವುದಿಲ್ಲ. ಆ ವರ್ಷ ಬೇಸಿಗೆಯ ಶುರುವಿನಲ್ಲಿ ನಮ್ಮ ಕಾರ್ಖಾನೆಗೆ ವಾಪಸ್ಸು ಬಂದ ಸ್ಟೆಬಿಲೈಜರ್‌ಗಳೆಲ್ಲ ಅದೇ ವಾಸನೆ ಹೊತ್ತು ಬಂದವು. ಮನೆಮನೆಗೂ ಟಿ.ವಿ. ಬರತೊಡಗಿದ್ದ ಕಾಲ. ಕರೆಂಟು ಏರಿಳಿದು ಟಿ.ವಿ. ಕೆಡದಿರಲಿ ಎಂದು ಜನ ಅದರ ಪಕ್ಕಕ್ಕೊಂದು ಸ್ಟೆಬಿಲೈಜರ್ ಇಡುತ್ತಿದ್ದರು. ಕಾಯಬೇಕಾದ ಪೆಟ್ಟಿಗೆಯೇ ಹೊಗೆಯಾಡಿದರೆ ಯಾರು ಸುಮ್ಮನಿರುತ್ತಾರೆ? ಅಂಗಡಿಯವರು ಬೈದು, ಟೆಂಪೋದಲ್ಲಿ ತುಂಬಿ ಪೀಣ್ಯಕ್ಕೆ ಕಳಿಸುತ್ತಿದ್ದರು. ಬಿಚ್ಚಿ ನೋಡಿದರೆ ಮಿಕ್ಕದ್ದೆಲ್ಲ ಸರಿಯಾಗಿದ್ದು ಒಳಗಿನ ಕಾಯಿಲ್ ಮಾತ್ರ ಕರಕಲಾಗಿರುತ್ತಿತ್ತು. ಕಾಯಿಲ್ ಸುತ್ತುತ್ತಿದ್ದವರು ನಾವು, ಆರು ಜನ ಹೆಂಗಸರು. ಅವರಲ್ಲಿ ಹಿರಿಯಳು ನಾನು.

ಕೆಲಸ ಬಾಯಲ್ಲಿ ಹೇಳುವುದಕ್ಕೆ ಸುಲಭ. ಪ್ಲಾಸ್ಟಿಕ್ಕಿನ ಬಾಬಿನ್ನನ್ನು ಮೆಷಿನ್ನಿನ ಸರಳಿಗೆ ಸಿಕ್ಕಿಸಿ, ಬಲಗೈಯಲ್ಲಿ ಹಿಡಿ ತಿರುಗಿಸುತ್ತ, ಎಡಗೈಯ ಎರಡು ಬೆರಳ ನಡುವಿನಿಂದ ತಾಮ್ರದ ತಂತಿಯನ್ನು ಬಿಡುತ್ತ ಹೋಗಬೇಕು. ಸುತ್ತಿನ ಪಕ್ಕಕ್ಕೆ ಸುತ್ತು ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಒಂದು ಪದರ ಮುಗಿದ ಮೇಲೆ ತೆಳು ಕಾಗದ, ಅದರ ಮೇಲೆ ಇನ್ನೊಂದು ಪದರ. ತಂತಿಯ ಮೈತುಂಬ ಜೇನುಬಣ್ಣದ ತೆಳ್ಳನೆಯ ಲೇಪ ಇರುತ್ತದೆ. ಅದು ಇರುವುದರಿಂದಲೇ ತಂತಿಗೆ ತಂತಿ ತಾಗಿದರೂ ಕರೆಂಟು ಅಡ್ಡದಾರಿ ಹಿಡಿಯುವುದಿಲ್ಲ.

ಕಷ್ಟವಿದ್ದದ್ದು ಟ್ಯಾಪಿಂಗಿನಲ್ಲಿ. ಗೊತ್ತಾದ ಕೆಲವು ಸುತ್ತುಗಳಲ್ಲಿ ಮೆಷಿನ್ ನಿಲ್ಲಿಸಿ, ತಂತಿಯನ್ನು ಕುಣಿಕೆಯಾಗಿ ಹೊರಗೆಳೆದು, ಅದಕ್ಕೆ ಸ್ಲೀವ್ ಎಂಬ ಸಣ್ಣ ಕೊಳವೆ ತೊಡಿಸಿ ಮುಂದುವರಿಯಬೇಕು. ಒಂದು ಕೈ ಬಾಬಿನ್ನನ್ನು ಬಿಟ್ಟರೆ ಸುತ್ತಿದ್ದೆಲ್ಲ ಸಡಿಲ. ಇನ್ನೊಂದು ಕೈಯಲ್ಲಿ ಸ್ಲೀವ್ ಇರುತ್ತದೆ. ತಂತಿ ಹಿಡಿಯುವುದಕ್ಕೆಂದು ದೇವರು ಮೂರನೇ ಕೈ ಕೊಟ್ಟಿಲ್ಲವಲ್ಲ, ಅದಕ್ಕೆ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದೆವು. ತಂತಿಯ ರೀಲು ಎಡಗಡೆ ಇದ್ದುದರಿಂದ ಎಡಗಡೆಯ ಹಲ್ಲಿನಲ್ಲಿ. ಯಾರೂ ಹಾಗೆ ಮಾಡಿ ಎಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಸೂಜಿಗೆ ದಾರ ಪೋಣಿಸುವವರು ದಾರದ ತುದಿ ಕಚ್ಚುವುದಿಲ್ಲವೇ, ಹಾಗೆ ಅದೂ ನಡೆದುಬಂದಿತ್ತು.

ಇನ್ನು ಪೆಪ್ಪರ್‌ಮಿಂಟಿನ ವಿಷಯ. ವೈಂಡಿಂಗಿಗೆ ಕೂರುವ ಮುಂಚೆ ಬಳೆ, ಉಂಗುರ, ವಾಚು ಎಲ್ಲ ಬಿಚ್ಚಿಡಬೇಕು, ಇಲ್ಲದಿದ್ದರೆ ತಂತಿ ಸಿಕ್ಕಿಕೊಳ್ಳುತ್ತದೆ. ಶೆಡ್ಡಿನಲ್ಲಿ ಗಡಿಯಾರವಿರಲಿಲ್ಲ. ಸುತ್ತಿನ ಲೆಕ್ಕವನ್ನು ಮೆಷಿನ್ನೇ ತೋರಿಸುತ್ತಿತ್ತು, ಹೊತ್ತಿನ ಲೆಕ್ಕ ತೋರಿಸುವವರು ಯಾರೂ ಇರಲಿಲ್ಲ. ಗೇಟಿನ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ, ಗಾಜಿನ ಭರಣಿಯಲ್ಲಿ, ದುಂಡನೆಯ ಬಿಳಿ ಪೆಪ್ಪರ್‌ಮಿಂಟ್ ಸಿಗುತ್ತಿತ್ತು. ಅದನ್ನು ಕಡಿಯದೆ, ಚೀಪದೆ ಕೆನ್ನೆಯೊಳಗೆ ಸುಮ್ಮನೆ ಇಟ್ಟುಕೊಂಡರೆ ಅದು ಕರಗಿ ಮುಗಿಯುವಷ್ಟರಲ್ಲಿ ಒಂದು ಕಾಯಿಲ್ ಮುಗಿಯಬೇಕು. ಪೆಪ್ಪರ್‌ಮಿಂಟ್ ಮುಗಿದು ಕಾಯಿಲ್ ಇನ್ನೂ ಉಳಿದಿದ್ದರೆ ನೀವು ಹಿಂದೆ ಬಿದ್ದಿರಿ ಎಂದರ್ಥ. ನಮ್ಮೊಳಗೆ ಅದೇ ಮಾತಾಗಿತ್ತು. ತಡವಾದವಳನ್ನು ಕಂಡರೆ, "ಏನಮ್ಮಾ, ಎರಡನೇ ಪೆಪ್ಪರ್‌ಮಿಂಟಾ?" ಎಂದು ಕಿಚಾಯಿಸುತ್ತಿದ್ದೆವು.

ಈ ಗಡಿಯಾರವನ್ನು ಕಂಡುಹಿಡಿದವಳು ನಾನೇ. ಅದರ ಬಗ್ಗೆ ನನಗೆ ಜಂಬವೂ ಇತ್ತು. ಹೊಸಬರು ಬಂದಾಗ ಬಾಬಿನ್ ಹಿಡಿಯುವುದನ್ನು ಕಲಿಸಿದ ಮಾರನೇ ದಿನವೇ ಪೆಪ್ಪರ್‌ಮಿಂಟ್ ಇಡುವುದನ್ನೂ ಕಲಿಸುತ್ತಿದ್ದೆ. ನನ್ನ ಪಕ್ಕದ ಮೆಷಿನ್ನಿಗೆ ಬಾಗಲಗುಂಟೆಯ ಒಕ್ಕಲು ಮನೆಯವಳೊಬ್ಬಳು ಬಂದು ಸೇರಿದ್ದಳು. ಇಪ್ಪತ್ತು ದಾಟಿದ್ದರೂ ಇನ್ನೂ ಮದುವೆಯಾಗಿರಲಿಲ್ಲ, ಮನೆಯಲ್ಲಿ ಗಂಡು ನೋಡುತ್ತಿದ್ದರು. ನಗು ಬಂದರೆ ಮೆಷಿನ್ ನಿಲ್ಲಿಸಿ ನಗುವ ಸ್ವಭಾವ. ಅವಳಿಗೂ ಹೇಳಿಕೊಟ್ಟೆ.

"ಎಡಗೆನ್ನೆಗೆ ಇಡು ಕಣೇ, ಒಸಡಿಗೆ ಒತ್ತಿ. ಸೂಪರ್‌ವೈಸರ್ ಓಡಾಡೋದು ಬಲಗಡೆ. ಗೋಡೆ ಕಡೆ ಕೆನ್ನೆ ಊದಿದ್ರೆ ಯಾರ್ ನೋಡ್ತಾರೆ?"

"ಸಿಕ್ಕಾಕ್ಕೊಂಡ್ರೆ ಏನಕ್ಕ?"

"ಹಲ್ಲು ನೋವು ಅನ್ನು," ಎಂದಿದ್ದೆ. ಇಬ್ಬರೂ ನಕ್ಕಿದ್ದೆವು.

ನನಗೆ ನಿಜವಾಗಿಯೇ ಹಲ್ಲು ನೋವಿತ್ತು. ಮೊದಮೊದಲು ಎಡಗಡೆಯ ಒಸಡಿನಲ್ಲಿ ನವೆ, ಆಮೇಲೆ ಊತ, ಉಜ್ಜಿದರೆ ರಕ್ತ. ರಕ್ತ ಬರುತ್ತದೆಂದು ಆ ಕಡೆ ಉಜ್ಜುವುದನ್ನೇ ಬಿಟ್ಟೆ. ಬಾಯಿ ವಾಸನೆ ಬರತೊಡಗಿದ್ದು ನನಗೆ ಗೊತ್ತಾದದ್ದು ಗಂಡನಿಂದ. ಅವರು ಆ ಕಡೆಗೆ ತಿರುಗಿ ಮಲಗುವುದನ್ನು ರೂಢಿ ಮಾಡಿಕೊಂಡರು ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಬೆನ್ನಿಗೆ ಏನು ಹೇಳಲಿ? ಅಂದಿನಿಂದ ಭಾನುವಾರವೂ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳತೊಡಗಿದೆ, ವಾಸನೆ ಮುಚ್ಚಲೆಂದು. ಮಾತಾಡುವಾಗ ಸೆರಗು ತಾನಾಗಿ ಬಾಯಿಗೆ ಬರುತ್ತಿತ್ತು. ನಾನು ಬಹಳ ಮರ್ಯಾದಸ್ತೆ ಎಂದು ಹೊಸಬರು ತಿಳಿದುಕೊಂಡರು.

ಒಂದು ದಿನ ಟೀ ಹೊತ್ತಿನಲ್ಲಿ ಪಕ್ಕದವಳು ಮನೆಯಿಂದ ತಂದ ಕೋಡುಬಳೆ ಕೊಟ್ಟಳು. ಕಟುಂ ಎಂದಿತು. ಕೋಡುಬಳೆ ಮುರಿದದ್ದೆಂದು ಅವಳು ತಿಳಿದಳು. ಮುರಿದದ್ದು ನನ್ನ ಎಡಗಡೆಯ ಹಲ್ಲಿನ ಹೊರಗೋಡೆ. ಉಗುಳುವಂತಿರಲಿಲ್ಲ, ಐದು ಜನ ಎದುರಿಗೆ ಕೂತಿದ್ದರು. ಕೋಡುಬಳೆಯ ಜೊತೆ ನನ್ನ ಹಲ್ಲಿನ ಚೂರನ್ನೂ ಟೀಯಲ್ಲಿ ನುಂಗಿ, "ಚೆನ್ನಾಗಿದೆ ಕಣೇ, ಎಳ್ಳು ಸ್ವಲ್ಪ ಜಾಸ್ತಿ," ಎಂದೆ. ಉಳಿದ ಹಲ್ಲಿನ ಅಂಚು ನಾಲಗೆಗೆ ಬ್ಲೇಡಿನಂತೆ ತಾಗುತ್ತಿತ್ತು. ಮಧ್ಯಾಹ್ನ ಎಂದಿನಂತೆ ಅದರಲ್ಲೇ ತಂತಿ ಕಚ್ಚಿಕೊಂಡು ಕೆಲಸ ಮಾಡಿದೆ.

ಮಾಲು ವಾಪಸ್ಸು ಬರತೊಡಗಿದ್ದು ಅದಾದ ಮೇಲೆ. ಈಗ ಹೇಳುವಾಗ ಎರಡಕ್ಕೂ ನಂಟು ಎದ್ದು ಕಾಣುತ್ತದೆ. ಆಗ ನನಗೆ ಹೊಳೆಯಲೇ ಇಲ್ಲ, ಯಾರಿಗೂ ಹೊಳೆಯಲಿಲ್ಲ. ಹಲ್ಲು ಮನೆಯ ವಿಷಯ, ಕಾಯಿಲ್ ಕಾರ್ಖಾನೆಯ ವಿಷಯ.

ನಮ್ಮ ಸೂಪರ್‌ವೈಸರ್ ಐವತ್ತರ ಆಸುಪಾಸಿನವರು. ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ಬಂದಿದ್ದ ಮನುಷ್ಯ. ಕೂಗಾಡುವುದು ಗೊತ್ತಿಲ್ಲ, ಆದರೆ ಹಿಡಿದ ಕೆಲಸ ಬಿಡುವುದೂ ಗೊತ್ತಿಲ್ಲ. ಮೊದಲು ತಂತಿಯ ಮೇಲೆ ಅನುಮಾನಪಟ್ಟು ಬೇರೆ ಕಂಪನಿಯ ರೀಲು ತರಿಸಿದರು. ಅದರಲ್ಲಿ ಸುತ್ತಿದ ಕಾಯಿಲ್‌ಗಳೂ ಸುಟ್ಟವು. ಆಮೇಲೆ ಬಾಬಿನ್ನಿನ ಅಂಚು ತಂತಿಯನ್ನು ಗೀರುತ್ತಿರಬಹುದೆಂದು ಒಂದೊಂದು ಬಾಬಿನ್ನನ್ನೂ ಅರದಲ್ಲಿ ಉಜ್ಜಿಸಿದರು. ನಮ್ಮ ಬೆರಳ ತುದಿಗಳು ಸವೆದವು, ಕಾಯಿಲ್ ಸುಡುವುದು ನಿಲ್ಲಲಿಲ್ಲ. ಸುತ್ತಿದ ಮೇಲೆ ಕಾಯಿಲ್‌ಗೆ ಹಾಕುವ ವಾರ್ನಿಷ್ ಸರಿಯಾಗಿ ಒಣಗುತ್ತಿಲ್ಲವೆಂದು ಒಲೆಯ ಶಾಖ ಏರಿಸಿದರು, ಇಳಿಸಿದರು. ಪ್ರತಿಯೊಂದಕ್ಕೂ ನಾನು ಮುಂದೆ ನಿಂತು ಕೈಜೋಡಿಸಿದೆ. ನನ್ನ ಕಾಯಿಲ್‌ಗಳನ್ನು ನೋಡಿ ಅವರು ಹೊಸಬರಿಗೆ, "ಸುತ್ತಿದ್ರೆ ಈ ಥರ ಸುತ್ಬೇಕಮ್ಮ," ಎನ್ನುತ್ತಿದ್ದರು. ನಾನು ಸೆರಗಿನ ಹಿಂದೆ ಹಿಗ್ಗುತ್ತಿದ್ದೆ.

ಕೊನೆಗೆ ಅವರು ಬುದ್ಧಿವಂತಿಕೆಯ ಕೆಲಸವೊಂದನ್ನು ಮಾಡಿದರು. ಕರಕಲಾದ ಕಾಯಿಲ್‌ನಲ್ಲಿ ಏನೂ ಕಾಣುವುದಿಲ್ಲ, ಎಲ್ಲ ಒಂದೇ ಮಸಿ. ಅದಕ್ಕೆ ಪೂರ್ತಿ ಸುಡುವ ಮುಂಚೆ, ಟೆಸ್ಟಿಂಗ್ ಬೆಂಚಿನ ಮೇಲೆ ಬೆಚ್ಚಗಾಗಿ ಗುಂಯ್‌ಗುಟ್ಟತೊಡಗಿದ ಕೂಡಲೇ ಆರಿಸಿದ ಒಂದು ಕಾಯಿಲ್ ತಂದು ನನ್ನ ಮುಂದಿಟ್ಟರು. ವಾರ್ನಿಷ್ ಹಾಕುವ ಮುಂಚಿನ ಹಸಿ ಕಾಯಿಲ್ ಅದು.

"ನಿಮ್ ಕೈ ಹಗುರ. ಒಂದೊಂದೇ ಸುತ್ತು ಬಿಚ್ಕೊಂಡ್ ಬನ್ನಿ. ಎಲ್ಲಿ ಕೆಟ್ಟಿದೆ ನೋಡೇಬಿಡೋಣ."

ಸುತ್ತಿದ್ದನ್ನು ಬಿಚ್ಚುವುದು ಸುತ್ತುವುದಕ್ಕಿಂತ ಕಷ್ಟ. ಅವರು ಭೂತಗನ್ನಡಿ ಹಿಡಿದು ಪಕ್ಕದಲ್ಲಿ ಕೂತರು. ಪದರ ಪದರವಾಗಿ ಬಿಚ್ಚುತ್ತ ಬಂದೆ. ಮೂರನೇ ಟ್ಯಾಪಿಂಗಿನ ಹತ್ತಿರ ಎರಡು ಸುತ್ತು ಒಂದಕ್ಕೊಂದು ಅಂಟಿಕೊಂಡಿದ್ದವು, ಅಲ್ಲಿ ಲೇಪ ಹೋಗಿ ತಾಮ್ರ ಕಪ್ಪಾಗಿತ್ತು. ಅದರ ಕೆಳಗಿನ ಬಿಳಿ ಕಾಗದದ ಮೇಲೆ ಒಂದು ಚುಕ್ಕೆ. ಕೆಂಪೂ ಅಲ್ಲ, ಕಂದೂ ಅಲ್ಲ.

"ಇದೇನಮ್ಮ ಕಲೆ? ಇದಕ್ಕಿನ್ನೂ ವಾರ್ನಿಷ್ ಹಾಕಿಲ್ಲ. ತುಕ್ಕಾ?"

ತಾಮ್ರಕ್ಕೆ ಆ ಬಣ್ಣದ ತುಕ್ಕು ಹಿಡಿಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನನಗೆ ಮಾತ್ರ ಆ ಬಣ್ಣದ ಪೂರ್ತಿ ಪರಿಚಯವಿತ್ತು. ದಿನಾ ಬೆಳಗ್ಗೆ ಬಚ್ಚಲಿನಲ್ಲಿ ನಾನು ಉಗುಳಿ, ಯಾರಾದರೂ ನೋಡುವ ಮುಂಚೆ ನೀರು ಹಾಕುತ್ತಿದ್ದ ಬಣ್ಣ ಅದು. ತಂತಿಯನ್ನು ಕಚ್ಚಿದಾಗ ಒಸಡಿನ ರಕ್ತ ಎಂಜಲಿನ ಜೊತೆ ಅದಕ್ಕೆ ಹತ್ತಿ, ಅಲ್ಲಿಂದ ಕಾಗದಕ್ಕೆ ಇಳಿದಿತ್ತು. ನಾಲಗೆ ತಾನಾಗಿ ಆ ಮುರಿದ ಅಂಚಿಗೆ ಹೋಯಿತು. ಬ್ಲೇಡಿನಂಥ ಅಂಚು. ತಂತಿಯ ಲೇಪವನ್ನು ಅದೇ ಗೀರಿದೆ. ಗೀರಿದ ಕಡೆ ಎದ್ದ ತಾಮ್ರದ ಮುಳ್ಳು ಬಿಸಿಯಾದಾಗ ಪಕ್ಕದ ಸುತ್ತಿನ ಲೇಪವನ್ನೂ ತಿಂದಿದೆ. ಎಲ್ಲ ಒಂದೇ ಉಸಿರಿನಲ್ಲಿ ಅರ್ಥವಾಯಿತು. ಅರ್ಥವಾದ ಕೂಡಲೇ ಸೆರಗನ್ನು ಬಾಯಿಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡೆ.

"ಗೊತ್ತಾಗ್ತಿಲ್ಲ ಸಾರ್," ಎಂದೆ.

ಅವರು ಇನ್ನೊಂದು ಕಾಯಿಲ್ ತಂದರು. ಅದರಲ್ಲೂ ಟ್ಯಾಪಿಂಗಿನ ಪಕ್ಕದಲ್ಲೇ ಕೆಟ್ಟಿತ್ತು. ಕಲೆ ಇರಲಿಲ್ಲ. ಯಾರ ಕೆಲಸವೆಂದು ಹೇಳುವಂತಿರಲಿಲ್ಲ, ಆರು ಜನರ ಕಾಯಿಲ್‌ಗಳೂ ಒಂದೇ ಡಬ್ಬಕ್ಕೆ ಬೀಳುತ್ತಿದ್ದವು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಮಾಲೀಕರಿಗೆ ಸಾಕಾಗಿದೆ ಕಣಮ್ಮ. ಸೋಮವಾರದಿಂದ ವೈಂಡಿಂಗ್ ಹೊರಗಡೆ ಕಾಂಟ್ರಾಕ್ಟಿಗೆ ಕೊಡ್ತಾರಂತೆ. ರೀಲು, ಬಾಬಿನ್, ಮೆಷಿನ್ನು ಎಲ್ಲ ಟೆಂಪೋಗೆ ಹಾಕಿ ಕಳ್ಸಿ ಅಂದಿದಾರೆ. ಕಾರಣ ಇದು ಅಂತ ತೋರಿಸಿದ್ರೆ ನಿಲ್ಲಿಸ್ಬೋದಿತ್ತು. ಏನ್ ತೋರಿಸ್ಲಿ?"

"ನಾವು ಸಾರ್?"

"ಪ್ಯಾಕಿಂಗಲ್ಲಿ ಇಬ್ರಿಗೆ ಜಾಗ ಇದೆ. ಮಿಕ್ಕೋರು..." ಎಂದು ಕೈಚೆಲ್ಲಿದರು.

ಅದು ಶುಕ್ರವಾರ. ಅಲ್ಲೇ ಹೇಳಿಬಿಡಬಹುದಿತ್ತು. ಹೇಳುವುದಕ್ಕೆ ಬಾಯಿ ತೆರೆಯಬೇಕಲ್ಲ. ಕೆಲಸ ಹೋಗುತ್ತದೆ ಎಂಬ ಭಯಕ್ಕಿಂತ ಆ ಮನುಷ್ಯ ನನ್ನ ಬಾಯಿಯನ್ನು ನೋಡುತ್ತಾರೆಂಬ ನಾಚಿಕೆ ದೊಡ್ಡದಾಗಿತ್ತು. ಹೊರಗಿನವರಿಗೆ ಇದು ಹುಚ್ಚು ಎನ್ನಿಸಬಹುದು. ಸುತ್ತಿದರೆ ಈ ಥರ ಸುತ್ತಬೇಕು ಎಂದು ಹೇಳಿಸಿಕೊಂಡವಳಿಗೆ ಅದು ಹುಚ್ಚಾಗಿರಲಿಲ್ಲ.

ಶನಿವಾರ ಅರ್ಧ ದಿನ ರಜೆ ಹಾಕಿ ಯಶವಂತಪುರದ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ನನ್ನ ಲೆಕ್ಕಾಚಾರ ಹೀಗಿತ್ತು: ಆ ಹಲ್ಲನ್ನು ಕೀಳಿಸಿಬಿಡುವುದು. ಹಲ್ಲು ಹೋದರೆ ಗೀರುವುದೂ ನಿಲ್ಲುತ್ತದೆ, ಕಾಯಿಲ್ ಸುಡುವುದೂ ನಿಲ್ಲುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ.

ಡಾಕ್ಟರು ಕನ್ನಡಿ ಕಡ್ಡಿಯನ್ನು ಬಾಯಿಗಿಟ್ಟು ಬಹಳ ಹೊತ್ತು ನೋಡಿದರು. ಪರಿಚಯವಿಲ್ಲದ ಗಂಡಸಿನ ಮುಂದೆ ಬಾಯಿ ಅಗಲಿಸಿಕೊಂಡು, ಮೇಲಿನ ದೀಪವನ್ನೇ ನೋಡುತ್ತ ಮಲಗಿದ್ದೆ.

"ಸಿಹಿ ಜಾಸ್ತಿ ತಿಂತೀರಾಮ್ಮ?"

"ಇಲ್ಲ ಸಾರ್. ಕಾಫಿಗೂ ಸಕ್ಕರೆ ಹಾಕ್ಕೊಳ್ಳಲ್ಲ." ಅದು ನಿಜವಾಗಿತ್ತು. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ನಾನು ಮೊದಲಿನಿಂದಲೂ ಹುಷಾರು.

"ಮತ್ತೆ ಎಡಗಡೆ ಮಾತ್ರ ಯಾಕ್ ಹಿಂಗಾಗಿದೆ? ಬಲಗಡೆ ಹಲ್ಲು ಗಟ್ಟಿಯಾಗಿದಾವೆ. ಎಡಗಡೆ ಒಸಡಿನ ಅಂಚಲ್ಲಿ ಸಾಲಾಗಿ ತಿಂದ್ಹೋಗಿದೆ. ಬಾಯಲ್ಲಿ ಏನಾದ್ರೂ ಇಟ್ಕೊಂಡಿರ್ತೀರಾ? ಹೊಗೆಸೊಪ್ಪು?"

ನನಗೆ ಸಿಟ್ಟೇ ಬಂತು. "ಅಯ್ಯೋ, ಅಂಥ ಅಭ್ಯಾಸ ಎಲ್ಲ ಇಲ್ಲ ಸಾರ್. ಪೆಪ್ಪರ್‌ಮಿಂಟ್ ಇಟ್ಕೊತೀನಿ ಅಷ್ಟೇ. ಅದೂ ತಿನ್ನಕ್ಕಲ್ಲ, ಕೆಲಸಕ್ಕೆ."

"ಕೆಲಸಕ್ಕಾ?"

ಕಾಯಿಲ್ಲಿನ ಲೆಕ್ಕ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನ್ನ ಕಿವಿಗೇ ಬೀಳತೊಡಗಿತು. ಬೆಳಗ್ಗೆ ಶಿಫ್ಟಿಗೆ ಕೂತಾಗಿನಿಂದ ಸಂಜೆ ಏಳುವವರೆಗೆ, ಕಾಯಿಲ್ ಆದ ಮೇಲೆ ಕಾಯಿಲ್, ಪೆಪ್ಪರ್‌ಮಿಂಟ್ ಆದ ಮೇಲೆ ಪೆಪ್ಪರ್‌ಮಿಂಟ್. ನಡುವೆ ಟೀಯಲ್ಲಿ ಅದ್ದಿದ ಬನ್ನು. ಅದು ತಿಂಡಿಯೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಕತ್ತರಿ, ಸ್ಲೀವ್, ಪೆಪ್ಪರ್‌ಮಿಂಟ್, ಮೂರೂ ನನಗೆ ಸಾಮಾನುಗಳೇ.

ಡಾಕ್ಟರು ನಗಲಿಲ್ಲ. ಕನ್ನಡಿ ಕಡ್ಡಿಯನ್ನು ತಟ್ಟೆಯಲ್ಲಿಟ್ಟರು. "ಹಬ್ಬದ ದಿನ ಎಲೆ ತುಂಬ ಹೋಳಿಗೆ ತಿಂದು ಬಾಯಿ ಮುಕ್ಕಳಿಸಿಬಿಟ್ರೆ ಹಲ್ಲು ತಡ್ಕೊಳ್ಳತ್ತಮ್ಮ. ಎಷ್ಟು ತಿಂದ್ರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದ್ರಿ ಅನ್ನೋದೇ ಮುಖ್ಯ. ಸಿಹಿ ಬಿದ್ದಾಗೆಲ್ಲ ಬಾಯಲ್ಲಿರೋ ಕ್ರಿಮಿ ಹುಳಿ ಮಾಡ್ತವೆ, ಹಲ್ಲು ಒಂಚೂರು ಕರಗತ್ತೆ. ಎಂಜಲು ಅದನ್ನ ತೊಳೆದು ಸರಿಮಾಡಕ್ಕೆ ಹೊತ್ತು ಬೇಕು. ನೀವು ಆ ಹೊತ್ತೇ ಕೊಟ್ಟಿಲ್ಲ. ಒಂದು ಮುಗಿಯೋದ್ರೊಳಗೆ ಇನ್ನೊಂದು. ಅದೂ ಒಂದೇ ಜಾಗದಲ್ಲಿ."

"ರಕ್ತ ಬರೋದು?"

"ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ಕಲ್ಲಾಗಿದೆ. ಅದು ಒಸಡನ್ನ ಕೆಣಕ್ತಾ ಇರತ್ತೆ. ರಕ್ತ ಬರತ್ತೆ ಅಂತ ಉಜ್ಜೋದ್ ಬಿಟ್ಟಿದೀರ. ಬಿಟ್ಟಿದ್ದಕ್ಕೇ ರಕ್ತ ಜಾಸ್ತಿಯಾಗಿರೋದು. ಒಸಡು ಸರಿಹೋಗತ್ತೆ, ಕ್ಲೀನ್ ಮಾಡ್ಕೊಡ್ತೀನಿ. ಈ ಮುರಿದಿರೋ ಹಲ್ಲು ಮಾತ್ರ ಉಳಿಯಲ್ಲ. ಈಗ್ಲೇ ತೆಗೆದುಬಿಡೋಣ."

ಸೂಜಿಮದ್ದು ತುಂಬಿಸಿಕೊಳ್ಳಲು ಅವರು ಆ ಕಡೆ ತಿರುಗಿದರು. ನಾನು ಬಂದದ್ದೂ ಅದಕ್ಕೇ. ಆದರೆ ಆ ನಾಲ್ಕು ಉಸಿರಿನ ಬಿಡುವಿನಲ್ಲಿ ಶುಕ್ರವಾರದಿಂದ ತಲೆಯಲ್ಲಿ ಅರೆಬರೆ ಸುತ್ತಿಕೊಂಡಿದ್ದ ವಿಷಯ ಸರಿಯಾಗಿ ಕೂತಿತು. ಹಲ್ಲು ಇಲ್ಲಿ ಬಕೆಟ್ಟಿಗೆ ಬಿದ್ದರೆ ಸೋಮವಾರ ಸೂಪರ್‌ವೈಸರಿಗೆ ಏನು ತೋರಿಸಲಿ? ಟೆಂಪೋ ಬರುತ್ತದೆ, ಮೆಷಿನ್ನುಗಳು ಹೋಗುತ್ತವೆ. ನನ್ನ ಹಲ್ಲು ನನಗೆ ಕ್ಷೇಮವಾಗಿ ಹೋಗಿರುತ್ತದೆ, ಆರು ಜನ ಕೂರುವ ಬೆಂಚು ಇರುವುದಿಲ್ಲ. ಕಾಯಿಲ್ ಯಾಕೆ ಸುಟ್ಟಿತೆಂಬುದಕ್ಕೆ ಇಡೀ ಪೀಣ್ಯದಲ್ಲಿದ್ದ ಒಂದೇ ಸಾಕ್ಷಿ ನನ್ನ ಬಾಯಲ್ಲಿತ್ತು.

ಕುರ್ಚಿಯಿಂದ ಇಳಿದೆ.

"ಸೋಮವಾರ ಸಂಜೆ ಬರ್ತೀನಿ ಸಾರ್. ಈಗ ಬೇಡ."

"ಇಷ್ಟು ನೋವಿರೋ ಹಲ್ಲು ಇಟ್ಕೊಂಡು ಎಲ್ಲಿ ಹೋಗ್ತೀರಮ್ಮ?"

"ಕೆಲಸಕ್ಕೆ ಬೇಕು ಸಾರ್," ಎಂದೆ. ಎರಡನೇ ಸಲ ಅದೇ ಮಾತು. ಅವರು ಏನು ತಿಳಿದುಕೊಂಡರೋ ಗೊತ್ತಿಲ್ಲ.

ಭಾನುವಾರ ಕಳೆದದ್ದು ಲವಂಗ ಕಚ್ಚಿಕೊಂಡು. ಸೋಮವಾರ ಎಲ್ಲರಿಗಿಂತ ಮುಂಚೆ ಶೆಡ್ಡಿಗೆ ಹೋದೆ. ಸೂಪರ್‌ವೈಸರು ಆಗಲೇ ಬಂದು ರೀಲುಗಳನ್ನು ಎಣಿಸಿ ಬಾಗಿಲ ಹತ್ತಿರ ಜೋಡಿಸುತ್ತಿದ್ದರು. ರೀಲಿನಿಂದ ಒಂದು ಗೇಣು ತಂತಿ ಕತ್ತರಿಸಿ, ಟ್ಯಾಪಿಂಗಿನಲ್ಲಿ ಕಚ್ಚುವ ಹಾಗೆಯೇ ಎಡಗಡೆ ಕಚ್ಚಿ, ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟೆ. ಭೂತಗನ್ನಡಿಯನ್ನೂ ಕೊಟ್ಟೆ.

ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಗೀರಿದೆ. ತಾಮ್ರ ಎದ್ದಿದೆ. ಯಾವುದ್ರಿಂದ ಗೀರಿದ್ರಿ?"

"ಹಲ್ಲಿಂದ ಸಾರ್. ಅವತ್ತು ಕಾಗದದ ಮೇಲಿದ್ದ ಕಲೆ ನನ್ ಒಸಡಿನ ರಕ್ತ."

ಅವರಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ತೋರಿಸಬೇಕಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಿಟಕಿಯ ಕಡೆ ತಿರುಗಿ ಬಾಯಿ ತೆರೆದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಗ್ಗಿದವರು ಉಸಿರು ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಬೇಕೆಂದು ಮಾಡಿದ್ದಲ್ಲ. ಒಳ್ಳೆಯ ಮನುಷ್ಯ, ಮರುಗಳಿಗೆಯೇ ಮುಖ ಸರಿಮಾಡಿಕೊಂಡು ಮತ್ತೆ ಹತ್ತಿರ ಬಂದರು. ಆದರೆ ಆ ಒಂದು ಹೆಜ್ಜೆಯನ್ನು ನಾನು ನೋಡಿಬಿಟ್ಟಿದ್ದೆ. ನನ್ನ ಗಂಡ ಆ ಕಡೆ ತಿರುಗಿ ಮಲಗುವುದೂ ಈ ಹೆಜ್ಜೆಯೂ ಒಂದೇ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಬಾಯಿ ಬಿಟ್ಟುಕೊಂಡು ನಿಂತಿದ್ದವಳು ನಾನು.

"ಬೇರೆಯವ್ರೂ ಕಚ್ತಾರಾ?" ಎಂದು ಕೇಳಿದರು. ಈಗ ಅವರು ನನ್ನನ್ನು ನೋಡದೆ ತಂತಿಯನ್ನೇ ನೋಡುತ್ತಿದ್ದರು.

"ಎಲ್ರೂ ಸಾರ್."

ಮಿಕ್ಕ ಐವರು ಬಂದ ಮೇಲೆ ಅವರು ಯಾರಿಗೂ ಬೈಯಲಿಲ್ಲ. ಒಂದು ಗಾಜಿನ ಲೋಟದಲ್ಲಿ ಉಪ್ಪುನೀರು ತಂದಿಟ್ಟರು. ಪಕ್ಕದಲ್ಲೊಂದು ಬ್ಯಾಟರಿ. ಒಬ್ಬೊಬ್ಬರೂ ಒಂದು ತುಂಡು ತಂತಿ ಕಚ್ಚಿ ಕೊಡಬೇಕು. ಕಚ್ಚಿದ ಜಾಗವನ್ನು ಬಗ್ಗಿಸಿ ನೀರಿಗಿಳಿಸಿ, ತುದಿಯ ಲೇಪ ಕೆರೆದು ಬ್ಯಾಟರಿಗೆ ಸೇರಿಸಿ, ಬ್ಯಾಟರಿಯ ಇನ್ನೊಂದು ತಂತಿಯನ್ನೂ ಅದೇ ನೀರಿಗೆ ಬಿಡುತ್ತಿದ್ದರು. ಲೇಪ ಗಟ್ಟಿಯಾಗಿದ್ದರೆ ಕಚ್ಚಿದ ತಂತಿಯಲ್ಲಿ ಏನೂ ಆಗುವುದಿಲ್ಲ. ಗೀರಿದ್ದರೆ ಅಲ್ಲಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಮೊದಲು ನನ್ನದನ್ನೇ ಇಳಿಸಿದರು. ಕುದಿಯುವ ಎಸರಿನಂತೆ ಗುಳ್ಳೆ ಬಂತು. ಹೆಂಗಸರು ಕಿಸಕ್ಕೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಾಗಲಗುಂಟೆಯವಳು. "ಅಕ್ಕ, ನಿಮ್ಮಲ್ಲಿ ಸೋಡಾ ಫ್ಯಾಕ್ಟ್ರಿ ಐತೆ ನೋಡಿ!" ಎಂದಳು.

ಇನ್ನು ಮೂವರ ತಂತಿಗಳಲ್ಲಿ ಏನೂ ಬರಲಿಲ್ಲ. ನಾಲ್ಕನೆಯವಳದರಲ್ಲಿ ಒಂದೆರಡು ಗುಳ್ಳೆ. ಆಮೇಲೆ ಬಾಗಲಗುಂಟೆಯವಳ ತಂತಿ ನೀರಿಗಿಳಿಯಿತು. ಗುಳ್ಳೆಗಳು ಸಾಲಾಗಿ ಎದ್ದವು, ನನ್ನದಕ್ಕಿಂತ ಸಣ್ಣವು, ಆದರೆ ನಿಲ್ಲಲಿಲ್ಲ. ಅವಳ ನಗು ಅರ್ಧಕ್ಕೇ ನಿಂತು ಕೈ ಬಾಯಿಗೆ ಹೋಯಿತು. ಸೆರಗಲ್ಲ, ಅವಳಿಗಿನ್ನೂ ಸೆರಗಿನ ಅಭ್ಯಾಸವಾಗಿರಲಿಲ್ಲ.

ಸೂಪರ್‌ವೈಸರು ಆ ಲೋಟವನ್ನು ಹಾಗೆಯೇ ಎತ್ತಿಕೊಂಡು ಮಾಲೀಕರ ಕೋಣೆಗೆ ಹೋದರು. ಟೆಂಪೋ ಬಂದು ಖಾಲಿ ವಾಪಸ್ಸು ಹೋಯಿತು. ಸಂಜೆಯೊಳಗೆ ಪ್ರತಿ ಮೆಷಿನ್ನಿನ ಎಡಗಡೆ ಒಂದೊಂದು ಸ್ಪ್ರಿಂಗ್ ಕ್ಲಿಪ್ಪು ಕೂತಿತ್ತು, ಒಣಗಲು ಹಾಕಿದ ಬಟ್ಟೆಗೆ ಸಿಕ್ಕಿಸುವಂಥದು, ಬಾಯಿಗೆ ಮೆತ್ತನೆಯ ಉಣ್ಣೆಬಟ್ಟೆ ಅಂಟಿಸಿದ್ದು. ದೇವರು ಕೊಡದ ಮೂರನೇ ಕೈ ಅಷ್ಟು ಸುಲಭವಾಗಿ ಸಿಕ್ಕಿತು. ವಾರದೊಳಗೆ ಗೋಡೆಗೊಂದು ಗಡಿಯಾರವೂ ಬಂತು. ಸುತ್ತಿಟ್ಟಿದ್ದ ಕಾಯಿಲ್‌ಗಳಲ್ಲಿ ಟ್ಯಾಪಿಂಗಿನ ಜಾಗವನ್ನು ಬಿಚ್ಚಿ ಮತ್ತೆ ಸುತ್ತುವ ಕೆಲಸ ಬಹಳ ದಿನ ಹಿಡಿಯಿತು. ಆಮೇಲೆ ಬಂದ ಮಾಲಿನಲ್ಲಿ ಆ ವಾಸನೆ ಇರಲಿಲ್ಲ.

ನನ್ನ ಹಲ್ಲು ಸೋಮವಾರ ಸಂಜೆಯೇ ಹೋಯಿತು. ಒಸಡನ್ನು ಡಾಕ್ಟರು ಎರಡು ಮೂರು ಸಲ ಕರೆದು ಕ್ಲೀನ್ ಮಾಡಿದರು. ಊಟ ತಿಂಡಿ ಬಿಟ್ಟು ನಡುವೆ ಬಾಯಿಗೆ ನೀರಲ್ಲದೆ ಬೇರೇನೂ ಹಾಕಬಾರದು ಎಂದರು. ಮೊದಲ ಕೆಲವು ದಿನ ಕಾಯಿಲ್ ಸುತ್ತುವಾಗ ನಾಲಗೆ ಎಡಗೆನ್ನೆಗೆ ಹೋಗಿ ಪೆಪ್ಪರ್‌ಮಿಂಟಿಗಾಗಿ ತಡಕಾ‌ಡುತ್ತಿತ್ತು. ಅಲ್ಲಿ ಹಲ್ಲು ಕಿತ್ತ ಕುಳಿಯೂ ಹೊಲಿಗೆಯೂ ಸಿಗುತ್ತಿದ್ದವು.

ಬಾಗಲಗುಂಟೆಯವಳು ಮಾತ್ರ ಅಂದಿನಿಂದ ನಗುವುದನ್ನು ಬಿಟ್ಟಳು. ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು. ಟೀ ಹೊತ್ತಿನಲ್ಲಿ ಕೇಳಿಯೇಬಿಟ್ಟೆ.

"ಡಾಕ್ಟರ ಹತ್ರ ಹೋಗಣ ಬಾರೆ. ಈಗ್ಲೇ ತೋರಿಸಿದ್ರೆ ಉಳಿಯತ್ತೆ."

"ಬ್ಯಾಡಕ್ಕ. ಗಂಡಿನ ಕಡೆಯೋರು ಬರೋರವ್ರೆ. ಅಲ್ಲು ಕಿತ್ತೌಳೆ ಅಂತ ಗೊತ್ತಾದ್ರೆ?" ಅವಳು ಕೈಯನ್ನು ಬಾಯಿಂದ ತೆಗೆಯಲಿಲ್ಲ. "ಅಂಗೆ ಇಟ್ಕೊ ಅಂತ ಯೋಳ್ಕೊಟ್ಟೋರು ನೀವೇ ಅಲ್ವಾಕ್ಕ?"

ಬೈಗುಳದ ದನಿಯಲ್ಲಿ ಹೇಳಿದ್ದಲ್ಲ ಅದು. ನೆನಪು ಮಾಡಿಕೊಂಡು ಕೇಳಿದ್ದು, ನಾನು ಹೌದು ಎಂದರೆ ಸಾಕು ಎನ್ನುವಂತೆ. ಸೂಪರ್‌ವೈಸರ್ ಹಿಂದೆ ಸರಿದಾಗ ನಾಚಿಕೆಯ ತಳ ಮುಟ್ಟಿದೆ ಎಂದುಕೊಂಡಿದ್ದೆ. ಅದು ತಳವಾಗಿರಲಿಲ್ಲ.

"ಹೌದು ಕಣೇ. ನಾನೇ," ಎಂದೆ. ಅವಳು ತಲೆಯಾಡಿಸಿದಳು.

ಆ ಶನಿವಾರ ಅವಳನ್ನು ಎಳೆದುಕೊಂಡೇ ಯಶವಂತಪುರಕ್ಕೆ ಹೋದೆ. ಕುರ್ಚಿಯವರೆಗೆ ಬಂದಳು, ಕೂತಳು. ಡಾಕ್ಟರು ದೀಪ ಬಗ್ಗಿಸಿದರು. ಅವಳು ತುಟಿ ಬಿಗಿದುಕೊಂಡೇ ಕೂತಿದ್ದಳು. "ಬಾಯಿ ತೆಗಿಯಮ್ಮ, ಆ... ಅನ್ನು" ಎಂದು ಅವರು ಒಂದು ಸಲ, ಎರಡು ಸಲ ಹೇಳಿದರು. ಅವಳ ಕಣ್ಣಲ್ಲಿ ನೀರು ತುಂಬಿತೇ ಹೊರತು ಬಾಯಿ ತೆರೆಯಲಿಲ್ಲ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಜನ ಬಾಗಿಲಿನಿಂದ ಇಣುಕುತ್ತಿದ್ದರು.

ನಾನು ದೀಪದ ಕೆಳಗೆ ಹೋಗಿ ನಿಂತೆ. ಅಷ್ಟು ಜನರಿದ್ದರೂ ಸೆರಗನ್ನು ಬಾಯಿಂದ ತೆಗೆದೆ. ಅವಳ ಮುಖದ ಹತ್ತಿರ ಬಗ್ಗಿ ಬಾಯಿಯನ್ನು ಎಷ್ಟು ಅಗಲವಾಗುತ್ತದೋ ಅಷ್ಟು ತೆರೆದು, ಎಡಗೆನ್ನೆಯನ್ನು ಬೆರಳಿನಿಂದ ಎಳೆದು ಹಿಡಿದು, ಹಲ್ಲು ಹೋದ ಜಾಗವನ್ನು ತೋರಿಸಿದೆ. ಅವಳು ಹಿಂದೆ ಸರಿಯಲಿಲ್ಲ. ಬಹಳ ಹೊತ್ತು ನೋಡಿದಳು.

ಆಮೇಲೆ ತಾನೂ ಬಾಯಿ ತೆರೆದಳು. ಎಡಗಡೆ, ಒಸಡಿನ ಅಂಚಿನಲ್ಲಿ, ನಾನು ಬೆರಳಿಟ್ಟು ತೋರಿಸಿಕೊಟ್ಟಿದ್ದ ಜಾಗದಲ್ಲೇ ಕಪ್ಪಾಗಿತ್ತು.